ಮೊದಲ ಗೆರೆ ಎಳೆಯುವಾಗ ಎಂಜಿನಿಯರ್ ಎಲ್ಲಿದ್ದರು?

(ಆರ್ಕಿಟೆಕ್ಚರ್ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ, ಇಂಧನ ಉಳಿಸುವ ಕಟ್ಟಡಕ್ಕೆ ಆರ್ಕಿಟೆಕ್ಟ್, ಎಂಜಿನಿಯರ್ ಇಬ್ಬರೂ ಮೊದಲಿನಿಂದಲೇ ಒಟ್ಟಿಗೆ ಕೂರಬೇಕು ಅನ್ನುವುದರ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಒಂದು ಸೆಕ್ಷನ್ ಡ್ರಾಯಿಂಗ್‌ನಿಂದಲೇ ಶುರು ಮಾಡೋಣ. ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ಚಿತ್ರ ಅದು. ಮಾಮೂಲಿ ಆಫೀಸ್ ಕಟ್ಟಡ. ಒಂದು ಮಹಡಿಯ ನೆಲದಿಂದ ಮೇಲಿನ ಮಹಡಿಯ ನೆಲಕ್ಕೆ 3.6 ಮೀಟರ್. ಆರ್ಕಿಟೆಕ್ಟ್ ಈ ಅಳತೆ ಹಾಕಿದ್ದಾರೆ, ಕ್ಲೈಂಟ್ ಒಪ್ಪಿದ್ದಾರೆ, ಪ್ಲಾನ್ ಮಂಜೂರಾತಿಗೂ ಹೋಗಿದೆ. ಆಮೇಲೆ ಅದು ಸ್ಟ್ರಕ್ಚರಲ್ ಎಂಜಿನಿಯರ್ ಕೈಗೆ ಬರುತ್ತದೆ. ಕಾಲಂಗಳ ನಡುವೆ ಅಂತರ ಜಾಸ್ತಿ ಇದೆ, ಬೀಮ್ 600 ಮಿಲಿಮೀಟರ್ ಆಳ ಬೇಕು ಅನ್ನುತ್ತಾರೆ. ಸರಿ. ಅದಾದ ಮೇಲೆ ಎಸಿ ಎಂಜಿನಿಯರ್ ಬರುತ್ತಾರೆ. ಬೀಮಿನ ಕೆಳಗೆ ಡಕ್ಟ್, ಅಂದರೆ ತಂಪು ಗಾಳಿ ಸಾಗಿಸುವ ಕೊಳವೆ ಹೋಗಬೇಕು, ಇನ್ಸುಲೇಶನ್ ಅನ್ನುವ ಬಿಸಿ ತಡೆಯುವ ಹೊದಿಕೆ ಸೇರಿ 450. ಲೈಟು, ಫಾಲ್ಸ್ ಸೀಲಿಂಗಿನ ಫ್ರೇಮು ಅಂತ ಇನ್ನೊಂದು 100. ನೆಲದ ಫಿನಿಶಿಂಗ್ 50. ಎಲ್ಲ ಕಳೆಯಿರಿ. ಉಳಿದದ್ದು 2.4 ಮೀಟರ್.

ಈಗ ಕಿಟಕಿ ನೋಡಿ. ಸೀಲಿಂಗ್ 2.4 ಮೀಟರಿಗೆ ಇಳಿದರೆ ಕಿಟಕಿಯ ಮೇಲಂಚೂ ಅಲ್ಲಿಗೇ ನಿಲ್ಲುತ್ತದೆ. ಹಗಲಿನ ಬೆಳಕು ಕೋಣೆಯೊಳಗೆ ಎಷ್ಟು ದೂರ ಬರುತ್ತದೆ ಅನ್ನುವುದಕ್ಕೆ ಒಂದು ಹಳೆಯ ಅಂದಾಜಿದೆ. ಕಿಟಕಿಯ ಮೇಲಂಚಿನ ಎತ್ತರದ ಎರಡರಿಂದ ಎರಡೂವರೆ ಪಟ್ಟು. ಇಲ್ಲಿ ಐದು ಮೀಟರ್, ಹೆಚ್ಚೆಂದರೆ ಆರು. ಅದರಾಚೆ ಕೂತವರಿಗೆ ಮಟಮಟ ಮಧ್ಯಾಹ್ನವೂ ಲೈಟ್ ಬೇಕು. ಲೈಟು ತಿನ್ನುವ ಕರೆಂಟೆಲ್ಲ ಕೊನೆಗೆ ಕೋಣೆಯೊಳಗಿನ ಬಿಸಿಯಾಗುತ್ತದೆ. ಆ ಬಿಸಿ ತೆಗೆಯಲು ಎಸಿ ಸ್ವಲ್ಪ ದೊಡ್ಡದಾಗಬೇಕು. ಎಸಿ ದೊಡ್ಡದಾದರೆ ಡಕ್ಟ್ ದೊಡ್ಡದಾಗಬೇಕು. ಡಕ್ಟ್ ದೊಡ್ಡದಾದರೆ ಸೀಲಿಂಗ್ ಇನ್ನೂ ಕೆಳಗೆ ಬರಬೇಕು.

ಇಲ್ಲಿ ಯಾರ ಕೆಲಸದಲ್ಲೂ ತಪ್ಪು ಹುಡುಕಲು ಆಗುವುದಿಲ್ಲ. ಬೀಮಿನ ಲೆಕ್ಕ ಸರಿಯಾಗಿದೆ. ಡಕ್ಟಿನ ಲೆಕ್ಕವೂ ಸರಿ. ಪ್ಲಾನ್ ಕೂಡ ಚೆನ್ನಾಗಿಯೇ ಇದೆ. ಒಬ್ಬರು ಮುಗಿಸಿ ಇನ್ನೊಬ್ಬರ ಟೇಬಲ್‌ಗೆ ತಳ್ಳಿದರು, ಅಷ್ಟೇ. ಹೀಗೆ ತಳ್ಳಿಸಿಕೊಂಡು ಬಂದ ಕಟ್ಟಡದ ತಲೆಯ ಮೇಲೆ ಕೊನೆಗೆ ಸೋಲಾರ್ ಪ್ಯಾನಲ್ ಕೂರಿಸಿ, ಬಾಗಿಲಲ್ಲಿ ಹಸಿರು ಕಟ್ಟಡ ಅಂತ ಬೋರ್ಡ್ ಹಾಕುತ್ತಾರೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಗಾದೆ ಇಂಥದ್ದಕ್ಕೇ ಇರಬೇಕು.

ಅದೇ ಮೂವರು ಮೊದಲ ವಾರವೇ ಒಟ್ಟಿಗೆ ಕೂತಿದ್ದರೆ ಏನಾಗಬಹುದಿತ್ತು? ಕಾಲಂಗಳನ್ನು 7.5 ಮೀಟರಿಗೆ ಹತ್ತಿರ ತಂದರೆ ಬೀಮೇ ಬೇಡ, 250 ಮಿಲಿಮೀಟರಿನ ಚಪ್ಪಟೆ ಸ್ಲ್ಯಾಬ್ ಸಾಕು ಅಂತ ಒಬ್ಬರು ಹೇಳುತ್ತಿದ್ದರು. ಹಾಗಾದರೆ ದುಂಡನೆಯ ಡಕ್ಟನ್ನು ಕಟ್ಟಡದ ನಡುವಿನ ಓಡಾಟದ ಜಾಗದ ಮೇಲೆ ಬಿಟ್ಟು, ಕಿಟಕಿ ಕಡೆಗೆ ಫಾಲ್ಸ್ ಸೀಲಿಂಗೇ ಹಾಕದೆ ಇರಬಹುದಲ್ಲ ಅಂತ ಇನ್ನೊಬ್ಬರು. 3.6ರಲ್ಲಿ ಸ್ಲ್ಯಾಬು, ಫಿನಿಶಿಂಗ್ ಕಳೆದರೆ 3.3 ಮೀಟರ್ ಉಳಿಯುತ್ತದೆ. ಕಿಟಕಿ ಅಲ್ಲಿಯವರೆಗೂ ಏರಬಹುದು. ಬೆಳಕು ಆರೂವರೆಯಿಂದ ಎಂಟು ಮೀಟರ್ ಒಳಗೆ ಬರುತ್ತದೆ. ಕಟ್ಟಡದ ಅಗಲ 15 ಮೀಟರ್ ಇಟ್ಟು ಎರಡೂ ಕಡೆ ಕಿಟಕಿ ಕೊಟ್ಟರೆ ಹಗಲಲ್ಲಿ ಬಹುಪಾಲು ಲೈಟ್ ಆರಿಸಿಬಿಡಬಹುದು. ಅದೇ ಎತ್ತರ, ಅದೇ ಜಾಗ.

ಇದು ಮ್ಯಾಜಿಕ್ ಅಂತ ಹೇಳುತ್ತಿಲ್ಲ. ಈ ಮಾತಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಒಂದು ತಕರಾರು ಎತ್ತಬಹುದು, ಎತ್ತಲೇಬೇಕು. ಚಪ್ಪಟೆ ಸ್ಲ್ಯಾಬ್ ಬೀಮ್-ಸ್ಲ್ಯಾಬಿಗಿಂತ ಸಾಮಾನ್ಯವಾಗಿ ಜಾಸ್ತಿ ಕಾಂಕ್ರೀಟ್ ತಿನ್ನುತ್ತದೆ. ಜಗತ್ತು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಹಾಗಾಗಿ ಕರೆಂಟು ಉಳಿಸಲು ಹೋಗಿ ಕಾಂಕ್ರೀಟಿನಲ್ಲಿ ಕಳೆದುಕೊಂಡೆವಾ ಅನ್ನುವ ಪ್ರಶ್ನೆ ನ್ಯಾಯವಾದದ್ದು. ಉತ್ತರ ಕಟ್ಟಡದಿಂದ ಕಟ್ಟಡಕ್ಕೆ ಬದಲಾಗುತ್ತದೆ. ಆದರೆ ಆ ಜಗಳ ಮೊದಲ ವಾರ ನಡೆದರೆ ಖರ್ಚು ಒಂದು ಹಾಳೆ ಟ್ರೇಸಿಂಗ್ ಪೇಪರ್. ಕಟ್ಟುವವರ ಕೈಗೆ ಕೊಡುವ ವರ್ಕಿಂಗ್ ಡ್ರಾಯಿಂಗ್ ಎಲ್ಲ ಮುಗಿದ ಮೇಲೆ ನಡೆದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಪ್ಯಾಟ್ರಿಕ್ ಮ್ಯಾಕ್ಲೀಮಿ ಅನ್ನುವ ಅಮೆರಿಕದ ಆರ್ಕಿಟೆಕ್ಟ್ ಹೆಸರಿನ ಒಂದು ಗ್ರಾಫ್ ಇದೆ, ನಿಮ್ಮಲ್ಲಿ ಕೆಲವರು ಕ್ಲಾಸಿನಲ್ಲಿ ನೋಡಿರುತ್ತೀರಿ. ಅದರಲ್ಲಿ ಒಂದು ಗೆರೆ ಇಳಿಯುತ್ತಾ ಹೋಗುತ್ತದೆ, ಅದು ಕಟ್ಟಡದ ಗುಣ ಮತ್ತು ಖರ್ಚನ್ನು ಬದಲಿಸಲು ನಮಗಿರುವ ಶಕ್ತಿ. ಇನ್ನೊಂದು ಏರುತ್ತಾ ಹೋಗುತ್ತದೆ, ಅದು ಬದಲಾವಣೆಗೆ ತೆರಬೇಕಾದ ಬೆಲೆ. ನಾವು ಹೆಚ್ಚಿನ ಕೆಲಸ ಮಾಡುವುದು ಆ ಎರಡು ಗೆರೆಗಳು ಒಂದನ್ನೊಂದು ದಾಟಿದ ಮೇಲೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಅಂತ ನಮ್ಮವರು ಗ್ರಾಫ್ ಇಲ್ಲದೇ ಹೇಳಿದ್ದರು. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಅದಕ್ಕೆ ಇಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ಕಡಿಮೆ ಜನ ಗಮನಿಸುವ ವಿಷಯ ಬೇರೆ ಇದೆ. ಮೊದಲ ಗೆರೆಗಳಿಗೆ ಯಾಕೆ ಅಷ್ಟು ತೂಕ? ಭೌತಶಾಸ್ತ್ರದಲ್ಲಿ ಅಳತೆಗಳು ಒಂದಕ್ಕೊಂದು ನೇರವಾಗಿ ಬೆಳೆಯುವುದಿಲ್ಲ. ಬೀಮನ್ನೇ ತಗೊಳ್ಳಿ. ಕಾಲಂಗಳ ಅಂತರವನ್ನು 7.5 ಮೀಟರಿನಿಂದ 9 ಮೀಟರಿಗೆ ಒಯ್ದಿರಿ ಅಂದುಕೊಳ್ಳಿ. ಪ್ಲಾನಿನಲ್ಲಿ ನೋಡಿದರೆ ಶೇಕಡಾ 20 ಜಾಸ್ತಿ, ಕಣ್ಣಿಗೆ ಅಂಥ ದೊಡ್ಡ ವ್ಯತ್ಯಾಸವೇನಲ್ಲ. ಅದೇ ಹೊರೆಗೆ ಬೀಮನ್ನು ಬಗ್ಗಿಸುವ ಬಲ ಉದ್ದದ ವರ್ಗದಂತೆ ಏರುತ್ತದೆ, ಅಂದರೆ ಶೇಕಡಾ 44 ಜಾಸ್ತಿ. ಬೀಮ್ ಜೋತು ಬೀಳುವ ಪ್ರಮಾಣ ಉದ್ದದ ನಾಲ್ಕನೇ ಘಾತದಂತೆ ಏರುತ್ತದೆ. ಅದು ಎರಡರಷ್ಟಾಗುತ್ತದೆ. ಅದನ್ನು ತಡೆಯಲು ಬೀಮ್ ಆಳವಾಗಬೇಕು, ಕಬ್ಬಿಣ ಜಾಸ್ತಿ ಬೇಕು. ಕಟ್ಟಡದ ತೂಕ ಏರಿದ ಹಾಗೆ ಪಾಯವೂ ಏರುತ್ತದೆ.

ಡಕ್ಟಿನಲ್ಲಿ ಇದು ಇನ್ನೂ ಜೋರು. ಅಷ್ಟೇ ಗಾಳಿ ಹೋಗಬೇಕು, ಆದರೆ ಡಕ್ಟಿನ ವ್ಯಾಸವನ್ನು ಶೇಕಡಾ 20 ಹಿಗ್ಗಿಸಲು ಜಾಗ ಸಿಕ್ಕಿತು ಅಂದುಕೊಳ್ಳಿ. ಒಳಗೆ ಗಾಳಿಗೆ ಎದುರಾಗುವ ತಡೆ ಹೆಚ್ಚುಕಡಿಮೆ ವ್ಯಾಸದ ಐದನೇ ಘಾತದ ಲೆಕ್ಕದಲ್ಲಿ ಇಳಿಯುತ್ತದೆ. ಹತ್ತರಲ್ಲಿ ನಾಲ್ಕು ಪಾಲು ಮಾತ್ರ ಉಳಿಯುತ್ತದೆ. ಗಾಳಿಯ ಪ್ರಮಾಣವನ್ನೇ ಕಡಿಮೆ ಮಾಡಿದರೆ? ಅದೇ ಡಕ್ಟಿನಲ್ಲಿ ಗಾಳಿ ಶೇಕಡಾ 20 ಕಡಿಮೆಯಾದರೆ ಫ್ಯಾನಿನ ಕರೆಂಟು ಸುಮಾರು ಅರ್ಧಕ್ಕೆ ಬೀಳುತ್ತದೆ, ಯಾಕಂದರೆ ಅದು ಘನದ ಲೆಕ್ಕದಲ್ಲಿ ಇಳಿಯುತ್ತದೆ. ಗಾಳಿ ಹೇಗೆ ಕಡಿಮೆಯಾಗುತ್ತದೆ? ಪಶ್ಚಿಮದ ಗಾಜು ಕಡಿಮೆಯಾದರೆ, ನೆರಳು ಸರಿಯಾಗಿ ಬಿದ್ದರೆ, ಲೈಟ್ ಆರಿದರೆ. ಡಕ್ಟಿಗೆ ಜಾಗ ಹೇಗೆ ಸಿಗುತ್ತದೆ? ಡಕ್ಟು, ಪೈಪುಗಳು ಮಹಡಿಯಿಂದ ಮಹಡಿಗೆ ಏರುವ ಶಾಫ್ಟನ್ನು ಮೂಲೆಗೆ ತಳ್ಳದೆ ನಡುವೆ ಇಟ್ಟರೆ. ಎಸಿ ರೂಮಿಗೆ ಮಿಕ್ಕಿದ ಜಾಗ ಕೊಡದೆ ಬೇಕಾದ ಜಾಗ ಕೊಟ್ಟರೆ. ಘಾತಗಳ ಲೆಕ್ಕ ಗೊತ್ತಿರುವುದು ಎಂಜಿನಿಯರಿಗೆ. ಗಾಜು, ನೆರಳು, ಶಾಫ್ಟು ಎಳೆಯುವುದು ಆರ್ಕಿಟೆಕ್ಟ್. ಇಬ್ಬರೂ ಭೇಟಿಯಾಗುವುದು ಆರು ತಿಂಗಳ ಮೇಲೆ.

ಒಂದು ಹೆಸರಾಂತ ಉದಾಹರಣೆ ನೋಡೋಣ. ಸಿಡ್ನಿ ಒಪೆರಾ ಹೌಸ್. 1957ರಲ್ಲಿ ಡೆನ್ಮಾರ್ಕಿನ ಯೋರ್ನ್ ಉಟ್ಸನ್ ಸ್ಪರ್ಧೆ ಗೆದ್ದರು. ಎಂಜಿನಿಯರ್ ಓವ್ ಅರೂಪ್ ಅವರ ಸಂಸ್ಥೆ. ಸರಕಾರಕ್ಕೆ ಅವಸರ, ದುಡ್ಡು ಮತ್ತು ಜನರ ಬೆಂಬಲ ಕೈತಪ್ಪುವ ಮೊದಲು ಕೆಲಸ ಶುರುವಾಗಲೇಬೇಕು ಅಂತ. 1959ರಲ್ಲಿ ಅಡಿಪಾಯದ ಕಟ್ಟೆ ಕಟ್ಟಲು ಶುರು ಮಾಡಿಯೇಬಿಟ್ಟರು. ಮೇಲೆ ಚಾವಣಿಯಾಗಬೇಕಿದ್ದ ಚಿಪ್ಪಿನಾಕಾರದ ದೊಡ್ಡ ಚಿಪ್ಪುಗಳನ್ನು ಹೇಗೆ ನಿಲ್ಲಿಸುವುದು ಅನ್ನುವುದು ಆಗ ಯಾರಿಗೂ ಇತ್ಯರ್ಥವಾಗಿರಲಿಲ್ಲ. ಎಲ್ಲ ಚಿಪ್ಪುಗಳನ್ನೂ ಒಂದೇ ಗೋಳದಿಂದ ಕತ್ತರಿಸಿದಂತೆ ಮಾಡಬಹುದು ಅನ್ನುವ ಪರಿಹಾರ ಸಿಕ್ಕಿದ್ದು 1961ರಲ್ಲಿ. ಅಷ್ಟರಲ್ಲಿ ಕೆಳಗೆ ಎದ್ದಿದ್ದ ಕೆಲವು ಕಾಲಂಗಳಿಗೆ ಆ ಭಾರ ಹೊರುವ ತಾಕತ್ತು ಇರಲಿಲ್ಲ. ಒಡೆದು ಮತ್ತೆ ಕಟ್ಟಿದರು. 70 ಲಕ್ಷ ಡಾಲರ್ ಅಂದಾಜಿನ ಕಟ್ಟಡ 1973ರಲ್ಲಿ ತೆರೆಯುವ ಹೊತ್ತಿಗೆ 10 ಕೋಟಿ 20 ಲಕ್ಷ ಆಸ್ಟ್ರೇಲಿಯನ್ ಡಾಲರ್ ನುಂಗಿತ್ತು. ಪೂರ್ತಿ ತಪ್ಪು ಇದೊಂದರದ್ದೇ ಅಲ್ಲ, ರಾಜಕೀಯವೂ ಬೇಕಾದಷ್ಟಿತ್ತು. ಆ ಕಟ್ಟಡದ ಎಸಿ ವ್ಯವಸ್ಥೆ ಮೊದಲಿನಿಂದಲೂ ಪಕ್ಕದ ಬಂದರಿನ ಸಮುದ್ರದ ನೀರಿಗೆ ಬಿಸಿ ಬಿಟ್ಟು ತಣ್ಣಗಾಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಚಿಪ್ಪುಗಳ ಫೋಟೋ ತೆಗೆಯುವುದರಲ್ಲೇ ಎಲ್ಲರೂ ಬಿಜಿ.

ಇದಕ್ಕೆ ತದ್ವಿರುದ್ಧವಾಗಿ ನನಗೆ ತುಂಬಾ ಇಷ್ಟವಾದ ಕಟ್ಟಡ ಜಿಂಬಾಬ್ವೆಯ ಹರಾರೆಯಲ್ಲಿದೆ. ಈಸ್ಟ್‌ಗೇಟ್ ಸೆಂಟರ್, 1996ರಲ್ಲಿ ತೆರೆದದ್ದು. ಆರ್ಕಿಟೆಕ್ಟ್ ಮಿಕ್ ಪಿಯರ್ಸ್, ಎಂಜಿನಿಯರ್‌ಗಳು ಮತ್ತೆ ಅರೂಪ್. ಎಸಿ ಯಂತ್ರಗಳನ್ನು ಹೊರದೇಶದಿಂದ ತರಿಸಬೇಕು, ಕೆಟ್ಟರೆ ಬಿಡಿಭಾಗಕ್ಕೂ ಕಾಯಬೇಕು. ಹಾಗಾಗಿ ಮಾಮೂಲಿ ಎಸಿ ಇಲ್ಲದೆ ಒಂದು ದೊಡ್ಡ ಆಫೀಸ್ ಕಟ್ಟಡ ಆಗುತ್ತದಾ ಅನ್ನುವುದೇ ಪ್ರಶ್ನೆ. ಹರಾರೆ ಸಮುದ್ರ ಮಟ್ಟದಿಂದ ಸುಮಾರು 1500 ಮೀಟರ್ ಎತ್ತರದಲ್ಲಿದೆ. ಹಗಲು ಬಿಸಿ, ರಾತ್ರಿ ತಂಪು. ಕಟ್ಟಡದ ಮೈಯನ್ನೇ ರಾತ್ರಿ ತಣಿಸಿಟ್ಟುಕೊಂಡರೆ ಹಗಲು ಕಳೆಯಬಹುದು.

ಎಂಜಿನಿಯರ್‌ಗಳು ಇದಕ್ಕೆ ಒಪ್ಪಿದರು, ಆದರೆ ಷರತ್ತು ಹಾಕಿದರು. ಹೊರಗೋಡೆಯ ಮೇಲೆ ನೇರ ಬಿಸಿಲು ಬೀಳಕೂಡದು. ಬಿಸಿಲಿನ ಕಡೆಯ ಗೋಡೆಯಲ್ಲಿ ಕಿಟಕಿ ಕಾಲು ಭಾಗ ಮೀರಕೂಡದು. ಒಬ್ಬ ಆರ್ಕಿಟೆಕ್ಟ್‌ಗೆ ಇದನ್ನು ಹೇಳಿ ನೋಡಿ. ಕೈ ಕಟ್ಟಿಹಾಕಿದಿರಿ ಅಂತ ಸಿಟ್ಟಾಗುವವರೇ ಜಾಸ್ತಿ. ಪಿಯರ್ಸ್ ಆ ಷರತ್ತನ್ನೇ ಕಟ್ಟಡದ ಮುಖ ಮಾಡಿದರು. ಮುಂದಕ್ಕೆ ಚಾಚಿದ ದಪ್ಪ ಕಾಂಕ್ರೀಟ್ ಅಂಚುಗಳು, ಅವುಗಳ ನೆರಳು, ಅಲ್ಲಲ್ಲಿ ಹಬ್ಬಿದ ಗಿಡಗಳು. ನೋಡಿದವರು ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಒಳಗೆ ಮಹಡಿಗಳ ನೆಲ ಟೊಳ್ಳು. ಆ ಟೊಳ್ಳಿನೊಳಗೆ ಕಾಂಕ್ರೀಟಿನ ಹಲ್ಲುಗಳಿವೆ. ರಾತ್ರಿ ಫ್ಯಾನುಗಳು ತಂಪು ಗಾಳಿಯನ್ನು ಅದರ ಮೂಲಕ ಜೋರಾಗಿ ದಬ್ಬುತ್ತವೆ, ಹಲ್ಲುಗಳು ತಣ್ಣಗಾಗುತ್ತವೆ. ಹಗಲು ಫ್ಯಾನುಗಳು ನಿಧಾನ. ಹೊರಗಿನ ಗಾಳಿ ಅದೇ ಹಲ್ಲುಗಳನ್ನು ಸವರಿಕೊಂಡು ತಂಪಾಗಿ ಕೋಣೆಗೆ ಬರುತ್ತದೆ, ಬಿಸಿಯಾದ ಗಾಳಿ ಮೇಲೇರಿ ಚಿಮಣಿಗಳಿಂದ ಹೊರಗೆ ಹೋಗುತ್ತದೆ. ಚಾವಣಿಯ ಮೇಲೆ 48 ಚಿಮಣಿಗಳ ಸಾಲೇ ಇದೆ.

ಈಗ ಹೇಳಿ, ಆ ಟೊಳ್ಳು ನೆಲ ಯಾರ ಡ್ರಾಯಿಂಗ್? ಅದು ಭಾರ ಹೊರುವ ಸ್ಲ್ಯಾಬು, ಗಾಳಿ ಸಾಗಿಸುವ ಡಕ್ಟು, ತಂಪು ಶೇಖರಿಸುವ ಗೋದಾಮು, ನಡೆದಾಡುವ ನೆಲ. ನಾಲ್ಕು ಜನರ ಕೆಲಸ ಒಂದೇ ವಸ್ತುವಿನಲ್ಲಿದೆ. ಡ್ರಾಯಿಂಗ್ ಒಬ್ಬರ ಟೇಬಲಿಂದ ಇನ್ನೊಬ್ಬರ ಟೇಬಲ್‌ಗೆ ಹೋಗುವ ಪದ್ಧತಿಯಲ್ಲಿ ಇಂಥ ನೆಲ ಹುಟ್ಟುವುದಕ್ಕೆ ಸಾಧ್ಯವೇ ಇಲ್ಲ.

ಈ ಕಟ್ಟಡ ಗೆದ್ದಲಿನ ಹುತ್ತ ನೋಡಿ ಕಲಿತದ್ದು ಅಂತ ಎಲ್ಲ ಕಡೆ ಬರೆಯುತ್ತಾರೆ, ಅಲ್ವಾ? ಆಮೇಲೆ ಸ್ಕಾಟ್ ಟರ್ನರ್, ರೂಪರ್ಟ್ ಸೋರ್ ಅನ್ನುವ ಸಂಶೋಧಕರು ಹುತ್ತಗಳನ್ನು ನಿಜವಾಗಿ ಅಳೆದು ನೋಡಿದರು. ಹುತ್ತದೊಳಗೆ ಗಾಳಿ ಆಡುವುದು ಹೀಗಲ್ಲ ಅಂತ ಗೊತ್ತಾಯಿತು. ಕಥೆ ಅಷ್ಟೊಂದು ಸರಿಯಿರಲಿಲ್ಲ, ಕಟ್ಟಡ ಮಾತ್ರ ಕೆಲಸ ಮಾಡುತ್ತಿದೆ. ಷರತ್ತು ಹಾಕಿದ ಎಂಜಿನಿಯರ್‌ಗಳು ಹುತ್ತವನ್ನು ನಂಬಿ ಕೂತಿರಲಿಲ್ಲ, ಲೆಕ್ಕ ಮಾಡಿದ್ದರು.

ಇನ್ನೊಂದು ಉದಾಹರಣೆ ಚಳಿ ದೇಶದ್ದು, ಇದರ ಪಾಠ ಬೇರೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಒಂದು ಸಾಲು ಮನೆಗಳು ಎದ್ದವು. ವೋಲ್ಫ್‌ಗ್ಯಾಂಗ್ ಫೈಸ್ಟ್ ಮತ್ತು ಬೋ ಆಡಮ್ಸನ್ ಅನ್ನುವವರ ಯೋಚನೆ. ಇವನ್ನು ಪ್ಯಾಸಿವ್ ಹೌಸ್ ಅನ್ನುತ್ತಾರೆ. ಗೋಡೆಗೆ ದಪ್ಪ ಇನ್ಸುಲೇಶನ್, ಮೂರು ಪದರ ಗಾಜು, ಗಾಳಿ ಸೋರದ ಸಂದುಗಳು, ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ಒಂದು ಯಂತ್ರ. ಕೊನೆಗೆ ಆ ಮನೆ ಬೆಚ್ಚಗಿಡಲು ಒಂದು ಚದರ ಮೀಟರಿಗೆ ವರ್ಷಕ್ಕೆ ಸುಮಾರು 15 ಯೂನಿಟ್ ಸಾಕು, ಕೊರೆಯುವ ಚಳಿಯಲ್ಲೂ ಚದರ ಮೀಟರಿಗೆ 10 ವ್ಯಾಟ್ ಸಾಕು ಅನ್ನುವುದು ಗುರಿ. 100 ಚದರ ಮೀಟರ್ ಮನೆಗೆ 1000 ವ್ಯಾಟ್. ಒಂದು ಹೇರ್ ಡ್ರೈಯರ್ ಎಳೆಯುವ ಕರೆಂಟು.

ಆ 10 ವ್ಯಾಟ್ ಅನ್ನುವ ಅಂಕಿ ಎಲ್ಲಿಂದ ಬಂತು? ಉಸಿರಾಟಕ್ಕೆ ಹೇಗೂ ಒಳಗೆ ತರಲೇಬೇಕಾದ ತಾಜಾ ಗಾಳಿ ಇದೆಯಲ್ಲ, ಅದೇ ಗಾಳಿಯಲ್ಲಿ ಅಷ್ಟು ಬಿಸಿಯನ್ನು ಹೊತ್ತು ತರಬಹುದು. ಅದಕ್ಕಿಂತ ಕೆಳಗೆ ಬಂದರೆ ಪ್ರತಿ ಕೋಣೆಗೂ ಬಿಸಿನೀರಿನ ಪೈಪು, ರೇಡಿಯೇಟರ್ ಹಾಕುವ ಅಗತ್ಯವೇ ಬೀಳುವುದಿಲ್ಲ. ಗೋಡೆಗೆ ಜಾಸ್ತಿ ಖರ್ಚು ಮಾಡಿದ ದುಡ್ಡಿನಲ್ಲಿ ಒಂದು ಪಾಲು ಯಂತ್ರವೇ ಇಲ್ಲವಾಗಿದ್ದರಿಂದ ವಾಪಸ್ ಬರುತ್ತದೆ. ಆದರೆ ಇದು ಕಾಣಿಸುವುದು ಗೋಡೆಯ ಖರ್ಚು, ಯಂತ್ರದ ಖರ್ಚು ಒಂದೇ ಹಾಳೆಯಲ್ಲಿದ್ದಾಗ ಮಾತ್ರ. ಗೋಡೆ ಆರ್ಕಿಟೆಕ್ಟಿನ ಬಜೆಟ್, ಯಂತ್ರ ಎಂಜಿನಿಯರಿನ ಬಜೆಟ್ ಅಂತ ಬೇರೆ ಬೇರೆ ಇಟ್ಟರೆ ಗೋಡೆಯವರು ಉಳಿತಾಯ ಮಾಡಿದೆವು ಅಂತ ಇನ್ಸುಲೇಶನ್ ಕತ್ತರಿಸುತ್ತಾರೆ. ಯಂತ್ರದವರು ತೆಪ್ಪಗೆ ದೊಡ್ಡ ಯಂತ್ರ ಬರೆಯುತ್ತಾರೆ.

ಇಲ್ಲಿಗೇ ಫೀಸಿನ ವಿಷಯ ಹೇಳಿಬಿಡುತ್ತೇನೆ. ಇದನ್ನು ಸೆಮಿನಾರುಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಷ್ಟೋ ಕಡೆ ಎಂಜಿನಿಯರಿನ ಫೀಸು ಅವರು ಡಿಸೈನ್ ಮಾಡುವ ಕೆಲಸದ ಬೆಲೆಯ ಇಷ್ಟು ಶೇಕಡಾ ಅಂತ ಇರುತ್ತದೆ. ಎಸಿ ಎಂಜಿನಿಯರ್ ಬುದ್ಧಿ ಖರ್ಚು ಮಾಡಿ ಯಂತ್ರವನ್ನು ಅರ್ಧಕ್ಕೆ ಇಳಿಸಿದರೆ ಅವರ ಫೀಸೂ ಅರ್ಧಕ್ಕೆ ಇಳಿಯುತ್ತದೆ. ಕೆಲಸ ಎರಡರಷ್ಟು, ದುಡ್ಡು ಅರ್ಧ. ಯಾವ ಪುಣ್ಯಾತ್ಮ ಮಾಡುತ್ತಾನೆ? ಅದರ ಮೇಲೆ ಭಯ ಬೇರೆ. ಯಂತ್ರ ದೊಡ್ಡದಾಯಿತು ಅಂತ ಯಾರೂ ಕೇಸು ಹಾಕುವುದಿಲ್ಲ, ಸಣ್ಣದಾಯಿತು ಅಂದರೆ ಮಾತ್ರ ಫೋನು ಬರುತ್ತದೆ. ಹಾಗಾಗಿ ಒಬ್ಬೊಬ್ಬರೂ ‘ಇರಲಿ ಬಿಡಿ’ ಅಂತ ಒಂದೊಂದಿಷ್ಟು ಸೇರಿಸುತ್ತಾರೆ. ಒಳಗೆ ಕೂರುವ ಜನರ ಅಂದಾಜಿನಲ್ಲಿ ಶೇಕಡಾ 15, ಲೆಕ್ಕದ ಮೇಲೆ ಶೇಕಡಾ 10, ಯಂತ್ರ ಆರಿಸುವಾಗ ಮುಂದಿನ ಸೈಜು ಅಂತ ಇನ್ನೊಂದು 20 ಸೇರಿತು ಅಂದುಕೊಳ್ಳಿ. ಗುಣಿಸಿ ನೋಡಿ, ಬೇಕಾದದ್ದರ ಒಂದೂವರೆ ಪಟ್ಟು. ಆ ಯಂತ್ರ ಜೀವಮಾನವಿಡೀ ಅರೆಹೊರೆಯಲ್ಲಿ ಏದುಸಿರು ಬಿಡುತ್ತಾ ಓಡುತ್ತದೆ. ಒಟ್ಟಿಗೆ ಕೂತರೆ ಕನಿಷ್ಠ ಯಾರು ಎಲ್ಲಿ ಎಷ್ಟು ಸೇರಿಸಿದ್ದಾರೆ ಅನ್ನುವುದಾದರೂ ಬೆಳಕಿಗೆ ಬರುತ್ತದೆ.

ಕರಾರು ಬದಲಿಸಿದರೆ ನಡವಳಿಕೆ ಬದಲಾಗುತ್ತದಾ? ಒಂದು ಕಡೆ ಆಗಿದೆ. ಅಮೆರಿಕದ ಕೊಲರಾಡೋ ರಾಜ್ಯದ ಗೋಲ್ಡನ್ ಊರಿನಲ್ಲಿ ಅಲ್ಲಿನ ನವೀಕರಿಸಬಹುದಾದ ಇಂಧನದ ರಾಷ್ಟ್ರೀಯ ಪ್ರಯೋಗಾಲಯ ತನಗೊಂದು ಆಫೀಸ್ ಕಟ್ಟಿಸಿಕೊಂಡಿತು, 2010ರಲ್ಲಿ. ಅವರು ಡ್ರಾಯಿಂಗ್ ಕೊಟ್ಟು ಟೆಂಡರ್ ಕರೆಯಲಿಲ್ಲ. ಆರ್ಕಿಟೆಕ್ಟ್, ಎಂಜಿನಿಯರ್, ಕಾಂಟ್ರಾಕ್ಟರ್ ಒಂದೇ ತಂಡವಾಗಿ ಬನ್ನಿ ಅಂದರು. ಬೆಲೆ ಮೊದಲೇ ಗೊತ್ತು ಮಾಡಿದ್ದರು, 6 ಕೋಟಿ 40 ಲಕ್ಷ ಡಾಲರ್. ಜೊತೆಗೆ ಕಟ್ಟಡ ವರ್ಷಕ್ಕೆ ಎಷ್ಟು ಇಂಧನ ಬಳಸಬಹುದು ಅನ್ನುವ ಅಂಕಿಯನ್ನೂ ಕರಾರಿನಲ್ಲೇ ಬರೆದಿದ್ದರು. ಡೇಟಾ ಸೆಂಟರ್ ಸೇರಿ ಚದರ ಮೀಟರಿಗೆ ಸುಮಾರು 110 ಯೂನಿಟ್ ಬರುತ್ತದೆ ಅದು.

ಆ ಅಂಕಿ ಟೇಬಲ್ ಮೇಲೆ ಬಿದ್ದದ್ದೇ ತಡ, ಕಟ್ಟಡದ ಆಕಾರ ತಾನಾಗಿ ಹೊರಬರತೊಡಗಿತು ಅನ್ನಬಹುದು. ಲೈಟಿಗೆ ಅಷ್ಟೊಂದು ಕರೆಂಟ್ ಕೊಡಲು ಆಗುವುದಿಲ್ಲ, ಹಾಗಾದರೆ ಕಟ್ಟಡ ಅಗಲವಾಗಿ ಇರುವಂತಿಲ್ಲ. ಸುಮಾರು 18 ಮೀಟರ್ ಅಗಲದ ಉದ್ದನೆಯ ತೋಳುಗಳಾಗಿ ಮಾಡಿದರು. ಯಾರೇ ಕೂತರೂ ಕಿಟಕಿ 9 ಮೀಟರಿನೊಳಗೆ. ದಕ್ಷಿಣದ ಕಿಟಕಿಯ ಮೇಲ್ಭಾಗದಲ್ಲಿ ಬೆಳಕನ್ನು ಸೀಲಿಂಗಿಗೆ ಎಸೆಯುವ ಪಟ್ಟಿಗಳು. ನೆಲದಡಿ ಬಿಸಿಯನ್ನೂ ತಂಪನ್ನೂ ಹಿಡಿದಿಡುವ ಕಾಂಕ್ರೀಟಿನ ಚಕ್ರವ್ಯೂಹ. ಹೊರಗಿನ ಹವೆ ಚೆನ್ನಾಗಿದ್ದರೆ ಕಿಟಕಿ ತೆರೆಯಿರಿ ಅಂತ ಕೂತವರ ಕಂಪ್ಯೂಟರಿಗೆ ಸಂದೇಶ ಬರುತ್ತದೆ. ಸೋಲಾರ್ ಪ್ಯಾನಲ್ ಇಲ್ಲೂ ಇವೆ, ಆದರೆ ಅವು ಬಂದದ್ದು ಇದೆಲ್ಲ ಆದ ಮೇಲೆ ಉಳಿದ ಲೆಕ್ಕ ತೀರಿಸಲು.

ಇದನ್ನು ಎಲ್ಲರೂ ನಕಲು ಮಾಡಿ ಅಂತ ಹೇಳುತ್ತಿಲ್ಲ. ಅದು ಇಂಧನದ ಮೇಲೆಯೇ ಸಂಶೋಧನೆ ಮಾಡುವ ಸಂಸ್ಥೆ, ಏನು ಕೇಳಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಎಲ್ಲ ಕ್ಲೈಂಟಿಗೂ ಹಾಗೆ ಗೊತ್ತಿರುವುದಿಲ್ಲ.

ಇನ್ನು ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತು. ಆರ್ಕಿಟೆಕ್ಟ್ ಮತ್ತು ಎಂಜಿನಿಯರ್ ಬೇಗ ಕೂತು ಮಾತಾಡದೆ ಇರಲು ಫೀಸು, ಕರಾರು ಎಲ್ಲ ಕಾರಣಗಳೇ. ಆದರೆ ಅವೆಲ್ಲ ಸರಿಯಿದ್ದಾಗಲೂ ಮೀಟಿಂಗ್ ಕೆಡುವುದನ್ನು ನೋಡಿದ್ದೇನೆ. ಆರ್ಕಿಟೆಕ್ಟ್‌ಗೆ ಅರ್ಧ ಮುಗಿದ ಡ್ರಾಯಿಂಗ್ ತೋರಿಸಲು ಮನಸ್ಸಿಲ್ಲ. ಎಂಜಿನಿಯರ್‌ಗೆ ಅರ್ಧ ಖಚಿತವಾದ ಉತ್ತರ ಕೊಡಲು ಧೈರ್ಯವಿಲ್ಲ. ಇವೆರಡೇ ಸಾಕು ಮೀಟಿಂಗ್ ಕೆಡಲು.

ಹೇಗೆ ಕೆಡುತ್ತದೆ ನೋಡಿ. ಆರ್ಕಿಟೆಕ್ಟ್ ಕೇಳುತ್ತಾರೆ, ಸಾರ್, ಈ ಹಾಲ್ ಮೇಲೆ ಬೀಮ್ ಎಷ್ಟು ಆಳ ಬರಬಹುದು? ಎಂಜಿನಿಯರ್ ಹೇಳುತ್ತಾರೆ, ಫೈನಲ್ ಪ್ಲಾನ್ ಕಳಿಸಿ, ಕಂಪ್ಯೂಟರಿನಲ್ಲಿ ರನ್ ಮಾಡಿ ಹೇಳುತ್ತೇನೆ. ಮುಗಿಯಿತು. ಅಲ್ಲಿಂದಾಚೆ ಆರ್ಕಿಟೆಕ್ಟ್ ಪ್ಲಾನ್ ಫೈನಲ್ ಆಗುವ ತನಕ ಫೋನ್ ಮಾಡುವುದಿಲ್ಲ. ಫೈನಲ್ ಆದ ಮೇಲೆ ಉತ್ತರ ಏನೇ ಬರಲಿ, ಬದಲಿಸಲು ಯಾರಿಗೂ ಇಷ್ಟವಿರುವುದಿಲ್ಲ. ಅದೇ ಎಂಜಿನಿಯರ್, 12 ಮೀಟರ್ ಅಂತರಕ್ಕೆ ಅಂದಾಜು 800ರಿಂದ 1000 ಮಿಲಿಮೀಟರ್ ಬರುತ್ತದೆ ಮೇಡಂ, ಆದರೆ ನಡುವೆ ಒಂದು ಸಾಲು ಕಾಲಂ ಕೊಟ್ಟರೆ ಅರ್ಧಕ್ಕೆ ಇಳಿಯುತ್ತದೆ, ಅಲ್ಲಿ ನಿಜವಾಗಲೂ ಕಾಲಂ ಇರಬಾರದಾ ಅಂತ ಕೇಳಿದ್ದರೆ? ಅಂದಾಜು ಒಂದಿಷ್ಟು ಆಚೀಚೆಯಾಗಿರಬಹುದು. ಆದರೂ ಆರು ತಿಂಗಳ ಮೇಲೆ ಬರುವ ಪಕ್ಕಾ ಉತ್ತರಕ್ಕಿಂತ ಇದಕ್ಕೆ ಬೆಲೆ ಜಾಸ್ತಿ, ಯಾಕಂದರೆ ಈ ಹೊತ್ತಿಗೆ ಇನ್ನೂ ಕಾಲಂ ಇಡಬಹುದು.

ಇದಕ್ಕೆ ಆರ್ಕಿಟೆಕ್ಟ್ ಕಡೆಯಿಂದಲೂ ಒಂದು ಒಪ್ಪಂದ ಬೇಕು. ಇವತ್ತು ಅಂದಾಜಿನಲ್ಲಿ ಹೇಳಿದ ಅಂಕಿಯನ್ನು ನಾಳೆ ಇಮೇಲಿನಲ್ಲಿ ಎತ್ತಿ ತೋರಿಸಿ, ನೀವೇ ಹೇಳಿದ್ದಲ್ಲವಾ ಅಂತ ಕುತ್ತಿಗೆ ಹಿಡಿಯಬಾರದು. ಒಮ್ಮೆ ಹಾಗೆ ಹಿಡಿದರೆ ಆ ಎಂಜಿನಿಯರ್ ಮುಂದೆಂದೂ ಬಾಯಿ ಬಿಡುವುದಿಲ್ಲ. ಕೆಲವು ತಂಡಗಳಲ್ಲಿ ಮೊದಲ ತಿಂಗಳ ಮೀಟಿಂಗ್ ನೋಟ್ಸ್‌ನಲ್ಲಿ ಪ್ರತಿ ಅಂಕಿಯ ಮುಂದೆ ಅಂದಾಜು ಅಂತ ಬರೆಯುವ ರೂಢಿ ಇದೆ. ಸಣ್ಣ ವಿಷಯ, ತುಂಬಾ ಉಪಯೋಗಕ್ಕೆ ಬರುತ್ತದೆ.

ಹಾಗೆಯೇ ಡ್ರಾಯಿಂಗ್. ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿ, ಗಿಡ ನೆಟ್ಟು, ಜನ ಓಡಾಡುವ ಚಿತ್ರ ಹಾಕಿ ಎಂಜಿನಿಯರ್ ಮುಂದಿಟ್ಟರೆ ಅವರಿಗೆ ಅರ್ಥವಾಗುವುದು ಒಂದೇ, ಎಲ್ಲ ಮುಗಿದಿದೆ, ನಾನು ಇದನ್ನು ನಿಲ್ಲಿಸಿಕೊಟ್ಟರೆ ಸಾಕು. ಪೆನ್ಸಿಲಿನ ಮೂರು ಬೇರೆ ಬೇರೆ ಆಕಾರ ಇಟ್ಟು ಇದರಲ್ಲಿ ಯಾವುದಕ್ಕೆ ನಿಮ್ಮ ಜೀವ ಕಡಿಮೆ ಹೋಗುತ್ತದೆ ಅಂತ ಕೇಳಿ. ಅವರ ಮುಖ ನೋಡಿ ಆಗ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ, ಅದನ್ನು ಆರ್ಕಿಟೆಕ್ಟ್ ಒಬ್ಬರೇ ಉತ್ತರಿಸಲು ಆಗುವುದೇ ಇಲ್ಲ. ಹಳೇ ಕಟ್ಟಡ ಇರುವ ಸೈಟ್ ಆದರೆ, ಅದನ್ನು ಕೆಡವಲೇಬೇಕಾ? ಹಳೇ ಕಾಲಂ ಇನ್ನೆಷ್ಟು ಹೊರುತ್ತದೆ ಅನ್ನುವುದು ಸ್ಟ್ರಕ್ಚರಲ್ ಎಂಜಿನಿಯರ್ ಪರೀಕ್ಷೆ ಮಾಡಿಯೇ ಹೇಳಬೇಕು. ಸಿಡ್ನಿಯಲ್ಲೇ ಕ್ವೇ ಕ್ವಾರ್ಟರ್ ಟವರ್ ಅಂತ 2022ರಲ್ಲಿ ಮುಗಿದ ಎತ್ತರದ ಕಟ್ಟಡವಿದೆ. ಅದು 1970ರ ದಶಕದ ಒಂದು ಹಳೇ ಟವರಿನ ಮೈಮೇಲೇ ಬೆಳೆದದ್ದು. ಹಳೆಯ ಸ್ಲ್ಯಾಬು, ಬೀಮು, ಕಾಲಂಗಳಲ್ಲಿ ಸುಮಾರು ಶೇಕಡಾ 65 ಉಳಿಸಿಕೊಂಡರು. ಡೆನ್ಮಾರ್ಕಿನ 3ಎಕ್ಸ್‌ಎನ್ ಸಂಸ್ಥೆಯ ಡಿಸೈನ್. ಹೊರಗಿನಿಂದ ನೋಡಿದರೆ ಹೊಚ್ಚಹೊಸದು. ಕಟ್ಟದೆ ಉಳಿಸಿದ ಆ ಕಾಂಕ್ರೀಟಿನ ಮುಂದೆ ಯಾವ ಹಸಿರು ಪೇಂಟೂ ನಿಲ್ಲುವುದಿಲ್ಲ. ಕೆಡವಿ ಸಮ ಮಾಡಿದ ಸೈಟ್ ಮೇಲೆ ಮೊದಲ ಮೀಟಿಂಗ್ ಕರೆದರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡು:

ಒಬ್ಬ ಹುಡುಗ ಕೇಳಿದ್ದು, ಈಗ ಸಾಫ್ಟ್‌ವೇರ್ ಬಂದಿದೆಯಲ್ಲ ಸಾರ್, ಎನರ್ಜಿ ಸಿಮ್ಯುಲೇಶನ್, ಅಂದರೆ ಕಟ್ಟಡ ಎಷ್ಟು ಇಂಧನ ತಿನ್ನುತ್ತದೆ ಅನ್ನುವ ಲೆಕ್ಕ ಎಲ್ಲ ಅದೇ ಮಾಡುತ್ತದೆ, ಆರ್ಕಿಟೆಕ್ಟೇ ಮಾಡಿಕೊಳ್ಳಬಹುದಲ್ವಾ?

ಮಾಡಿಕೊಳ್ಳಬಹುದು, ಮಾಡಿಕೊಳ್ಳಿ. ಆದರೆ ಸಾಮಾನ್ಯವಾಗಿ ಸಿಮ್ಯುಲೇಶನ್ ಮಾಡುವುದು ಯಾವಾಗ? ಹಸಿರು ಕಟ್ಟಡದ ಸರ್ಟಿಫಿಕೇಟಿಗೆ ಅರ್ಜಿ ಹಾಕುವಾಗ. ಆಗ ಅದು ಬರೀ ಅಂಕಪಟ್ಟಿ. ಅದರ ನಿಜವಾದ ಉಪಯೋಗ ಕಟ್ಟಡ ಇನ್ನೂ ಒಂದು ಖಾಲಿ ಡಬ್ಬಿಯಾಗಿದ್ದಾಗ. ಡಬ್ಬಿಯನ್ನು ತಿರುಗಿಸಿ, ಉದ್ದ ಮಾಡಿ, ಕಿಟಕಿ ಕಡಿಮೆ ಮಾಡಿ ನೋಡಿ. ಯಾವುದರಿಂದ ಅಂಕಿ ಜಾಸ್ತಿ ಅಲುಗಾಡುತ್ತದೆ ಅನ್ನುವುದಷ್ಟೇ ಆಗ ಬೇಕಾದದ್ದು. ಇನ್ನೊಂದು, ಸಾಫ್ಟ್‌ವೇರ್ ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಆ ಹಾಲ್‌ನಲ್ಲಿ ನಿಜವಾಗಲೂ ಅಷ್ಟು ಜನ ಕೂರುತ್ತಾರಾ ಅಂತ ಅದು ವಾಪಸ್ ಕೇಳುವುದಿಲ್ಲ. ಒಳ್ಳೆ ಎಂಜಿನಿಯರ್ ಕೇಳುತ್ತಾರೆ.

ಒಬ್ಬ ಹುಡುಗಿ, ಸಿವಿಲ್ ಓದುತ್ತಿರುವವಳು, ಎದ್ದು ನಿಂತು ಕೇಳಿದಳು. ನಮ್ಮನ್ನು ಯಾರೂ ಮೊದಲ ಮೀಟಿಂಗಿಗೆ ಕರೆಯುವುದೇ ಇಲ್ಲ ಸಾರ್, ನಾವೇನು ಮಾಡೋದು?

ಕರೆಯುವ ತನಕ ಕಾಯಬೇಡ ಅಂತ ಹೇಳುವುದು ಸುಲಭ, ಆದರೆ ಹೊಸದಾಗಿ ಕೆಲಸಕ್ಕೆ ಸೇರಿದವಳಿಗೆ ಅದು ಆಗದ ಮಾತು. ಆಗುವಂಥದ್ದು ಹೇಳುತ್ತೇನಮ್ಮ. ನೀನು ಕೆಲಸ ಮಾಡುವ ಪ್ರತಿ ಕಟ್ಟಡದಿಂದ ನಾಲ್ಕು ಅಂಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಕಾಲಂ ಅಂತರ ಎಷ್ಟಿತ್ತು, ಬೀಮ್ ಎಷ್ಟು ಆಳ ಬಂತು, ಚದರ ಮೀಟರಿಗೆ ಎಷ್ಟು ಕಾಂಕ್ರೀಟ್ ಹೋಯಿತು, ಎಷ್ಟು ಕಬ್ಬಿಣ ಹೋಯಿತು. ಸಾಲು ಸಾಲಾಗಿ ತುಂಬುತ್ತಾ ಹೋಗಲಿ. ಮುಂದೊಂದು ದಿನ ಯಾರಾದರೂ ಆರ್ಕಿಟೆಕ್ಟ್ ಕಾರಿಡಾರಿನಲ್ಲಿ ನಿಲ್ಲಿಸಿ, ಸುಮ್ನೆ ಅಂದಾಜಿಗೆ ಕೇಳುತ್ತಿದ್ದೇನೆ ಅಂದಾಗ, ನಾಳೆ ಹೇಳುತ್ತೇನೆ ಅನ್ನುವ ಬದಲು ಅಲ್ಲೇ ಒಂದು ಅಂಕಿ ಹೇಳು. ಜೊತೆಗೆ ಇನ್ನೊಂದು ಕಡಿಮೆ ಅಂಕಿಯನ್ನೂ, ಅದಕ್ಕೆ ಅವರು ಏನು ಬದಲಿಸಬೇಕು ಅನ್ನುವುದನ್ನೂ ಹೇಳು. ಮುಂದಿನ ಪ್ರಾಜೆಕ್ಟಿಗೆ ಅವರು ಪ್ಲಾನ್ ಹಿಡಿಯುವ ಮುಂಚೆ ಫೋನ್ ಮಾಡುತ್ತಾರೆ.